ಮುರಕಲ್ಲ ಮನೆಯ ಸ್ಟುಡಿಯೊ

ಕಾಸರಗೋಡು ಜಿಲ್ಲೆಯಲ್ಲಿ ಮನೆಯೊಳಗೇ ಹಾಡು ರೆಕಾರ್ಡು ಮಾಡುವವರಿಗೂ ಕೈಯ ದುಡ್ಡು ಹಾಕಿ ಚಿತ್ರ ತೆಗೆಯುವವರಿಗೂ ಮೊದಲ ಎದುರಾಳಿ ಮಳೆ. ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಸುರಿಯುವ ಈ ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳಲ್ಲಿ ಬಂದುಹೋಗುತ್ತದೆ. ಕಲಾವಿದರು ಬಿಡುವಾಗಿ ಸಿಗುವುದೂ ಅದೇ ತಿಂಗಳುಗಳಲ್ಲಿ. ಮೇ ಕೊನೆಗೆ, ಆಟದ ಋತು ಮುಗಿಯುವ ಪತ್ತನಾಜೆಯ ದಿನ, ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ. ಆಮೇಲೆ ಭಾಗವತರು, ಚೆಂಡೆ-ಮದ್ದಳೆಯವರು, ಅರ್ಥಧಾರಿಗಳು ಮನೆ ಜಗಲಿಯಲ್ಲೋ ದೇವಸ್ಥಾನದ ಚಾವಡಿಯಲ್ಲೋ ವೇಷ-ಕುಣಿತವಿಲ್ಲದ ತಾಳಮದ್ದಳೆಗೆ ಕೂರುತ್ತಾರೆ. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆಯ ಸೀಮೆಯಲ್ಲಿ ರೆಕಾರ್ಡು ಮಾಡಲು ಇದಕ್ಕಿಂತ ಒಳ್ಳೆಯ ಸಾಮಗ್ರಿ ಇಲ್ಲ. ಆದರೆ ಪದ್ಯ ಏರುವ ಹೊತ್ತಿಗೇ ಹಂಚಿನ ಮೇಲೆ ಮಳೆಯೂ ಏರುತ್ತದೆ.

ಊರಲ್ಲೇ ಚಿತ್ರ ತೆಗೆಯಬಹುದು ಎಂಬುದಕ್ಕೆ ಇಲ್ಲಿ ದೂರದ ಉದಾಹರಣೆ ಬೇಕಾಗಿಲ್ಲ. ಕಾಞಂಗಾಡಿನ ಸೆನ್ನಾ ಹೆಗ್ಡೆ 2016ರಲ್ಲಿ ತನ್ನೂರಿನ ಹುಡುಗರ ವಾಲಿಬಾಲ್ ಪಂದ್ಯವನ್ನೇ ಇಟ್ಟುಕೊಂಡು, ಅವರನ್ನೇ ನಟರನ್ನಾಗಿಸಿ ‘0-41*’ ಎಂಬ ಚಿತ್ರ ಮಾಡಿದರು. 2018ರಲ್ಲಿ ಕನ್ನಡದ ‘ಕಥೆಯೊಂದು ಶುರುವಾಗಿದೆ’ ನಿರ್ದೇಶಿಸಿ, ಮತ್ತೆ ಕಾಞಂಗಾಡಿಗೆ ಮರಳಿ ‘ತಿಂಕಳಾಳ್ಚ ನಿಶ್ಚಯಂ’ ತೆಗೆದರು. ಸೋಮವಾರ ನಡೆಯಬೇಕಾದ ಒಂದು ನಿಶ್ಚಿತಾರ್ಥದ ಮುನ್ನಾದಿನಗಳ ಗಡಿಬಿಡಿಯೇ ಅದರ ಕಥೆ. ಹೆಚ್ಚಿನದೆಲ್ಲ ನಡೆಯುವುದು ಒಂದೇ ಮನೆಯಲ್ಲಿ. ಆ ಚಿತ್ರಕ್ಕೆ 68ನೇ ರಾಷ್ಟ್ರೀಯ ಪ್ರಶಸ್ತಿಗಳಲ್ಲಿ ಅತ್ಯುತ್ತಮ ಮಲಯಾಳಂ ಚಿತ್ರದ ಗೌರವ ಬಂತು. ಕಾಸರಗೋಡಿನಲ್ಲಿ ನಡೆಯುವ ‘ತೊಂಡಿಮುದಲುಂ ದೃಕ್‌ಸಾಕ್ಷಿಯುಂ’ (2017) ಚಿತ್ರದಲ್ಲಿ ಪೊಲೀಸರ ಹೆಚ್ಚಿನ ಪಾತ್ರಗಳನ್ನು ನಿಜವಾದ ಪೊಲೀಸರೇ ಮಾಡಿದ್ದರು. ‘ತಿಂಕಳಾಳ್ಚ ನಿಶ್ಚಯಂ’ನಲ್ಲಿದ್ದಂತೆ ಮನೆ ಒಂದೇ ಆದರೆ ಸಾಗಾಟದ ಖರ್ಚು ಇಲ್ಲ, ದೀಪ ಬದಲಿಸುವ ಹೊತ್ತು ಉಳಿಯುತ್ತದೆ, ಮಳೆ ಬಂದರೆ ಒಳಗಿನ ದೃಶ್ಯ ತೆಗೆಯಬಹುದು. ಹೊಸಬರು ಆ ಚಿತ್ರದಿಂದ ಮೊದಲು ಕಲಿಯಬೇಕಾದ ತಂತ್ರ ಇದು. ಲೆನ್ಸಿನ ಮಾತು ಆಮೇಲೆ.

ಎರಡನೆಯ ತಂತ್ರ ಮಾತಿಗೆ ಸಂಬಂಧಿಸಿದ್ದು. ಸಪ್ತಭಾಷೆಗಳ ನಾಡೆಂದು ಹೆಸರಾದ ಇಲ್ಲಿ ಒಂದೇ ಅಂಗಡಿ ಕಟ್ಟೆಯಲ್ಲಿ ತುಳು, ಮಲಯಾಳ, ಹವ್ಯಕ ಕನ್ನಡ, ಕೊಂಕಣಿ, ಬ್ಯಾರಿ ಎಲ್ಲ ಕೇಳಿಸುತ್ತದೆ, ಕೆಲವೊಮ್ಮೆ ಒಂದೇ ವಾಕ್ಯದಲ್ಲಿ. ಇಂಥ ಮಾತನ್ನು ತಿಂಗಳ ನಂತರ ಡಬ್ಬಿಂಗ್ ಕೋಣೆಯಲ್ಲಿ ಮತ್ತೆ ಆಡಿಸಿದರೆ ಅದರ ಏರಿಳಿತ ಸತ್ತುಹೋಗುತ್ತದೆ, ಅದರಲ್ಲೂ ನಟನೆ ಗೊತ್ತಿಲ್ಲದವರ ಬಾಯಲ್ಲಿ. ಸ್ಥಳದಲ್ಲೇ ಧ್ವನಿ ಹಿಡಿಯುವುದು ಅನಿವಾರ್ಯ. ಹಾಗಾಗಿ ಬಜೆಟ್ಟಿನ ಮೊದಲ ದುಡ್ಡು ಮೈಕಿಗೆ ಹೋಗಬೇಕು. ಮಸುಕಾದ ಚಿತ್ರವನ್ನು ಪ್ರೇಕ್ಷಕ ಶೈಲಿ ಎಂದು ಸಹಿಸಿಯಾನು, ಕೇಳಿಸದ ಮಾತನ್ನು ಎರಡು ನಿಮಿಷವೂ ಸಹಿಸಲಾರ.

ಮೈಕಿಗಿಂತ ಮುಂಚೆ ಕೋಣೆ. ಗಾರೆ ಮಾಡದ ಮುರಕಲ್ಲ ಗೋಡೆ ತೂತುತೂತಾಗಿ ಒರಟಾಗಿರುವುದರಿಂದ ಸದ್ದನ್ನು ಸ್ವಲ್ಪ ಚದುರಿಸುತ್ತದೆ. ಅದೇ ಗೋಡೆಗೆ ಸಿಮೆಂಟು ಬಳಿದು ಪೈಂಟ್ ಹಚ್ಚಿ, ನೆಲಕ್ಕೆ ಟೈಲ್ಸ್ ಹಾಕಿದರೆ ಕೈ ತಟ್ಟಿದ ಸದ್ದು ಗೋಡೆಯಿಂದ ಗೋಡೆಗೆ ಚೆಂಡಿನಂತೆ ಪುಟಿಯುತ್ತದೆ. ಹೊಸ ಮನೆಗಿಂತ ಹಳೆಮನೆಯ ಬಟ್ಟೆಬರೆ ತುಂಬಿದ ಮಲಗುವ ಕೋಣೆಯೇ ಮೇಲು. ಗಾದಿಯನ್ನು ಗೋಡೆಗೆ ಒರಗಿಸಿ, ಹಗ್ಗಕ್ಕೆ ಕಂಬಳಿ ಇಳಿಬಿಟ್ಟು, ನೆಲಕ್ಕೆ ಚಾಪೆಯ ಮೇಲೆ ಜಮಖಾನ ಹಾಸಿದರೆ ಮರುದನಿ ಬಹುಮಟ್ಟಿಗೆ ಅಡಗುತ್ತದೆ. ಮೊಟ್ಟೆಯ ಟ್ರೇ ಅಂಟಿಸುವ ಚಾಳಿಯಿಂದ ಗೋಡೆ ವಿಕಾರವಾಗುವುದೇ ಹೊರತು ಬೇರೆ ಪ್ರಯೋಜನ ಕಡಿಮೆ. ತಾರಸಿಯ ಮೇಲೆ ತಗಡಿನ ಶೀಟು ಹೊದೆಸಿದ ಮನೆಯಾದರೆ ಮೇಲಿನ ಮಹಡಿಯ ಆಸೆ ಬಿಡಬೇಕು. ಕೆಳಗಿನ ಕೋಣೆಯೇ ಗತಿ. ಫ್ಯಾನು, ಫ್ರಿಜ್ಜು, ತೋಟದ ಪಂಪು ಎಲ್ಲ ನಿಲ್ಲಬೇಕು. ಫ್ರಿಜ್ಜು ಆರಿಸಿದವರು ಬೈಕಿನ ಕೀಲಿಯನ್ನು ಅದರೊಳಗೇ ಇಡುವುದು ಧ್ವನಿ ಹಿಡಿಯುವವರ ಹಳೆಯ ಉಪಾಯ: ಮತ್ತೆ ಚಾಲೂ ಮಾಡದೆ ಮನೆಗೆ ಹೋಗಲಾಗುವುದಿಲ್ಲ.

ಮೈಕುಗಳಲ್ಲಿ ಮುಖ್ಯವಾಗಿ ಎರಡು ಜಾತಿ. ಕಂಡೆನ್ಸರ್ ಮೈಕಿಗೆ 48 ವೋಲ್ಟಿನ ವಿದ್ಯುತ್ತು ಬೇಕು. ಅದು ಸೂಕ್ಷ್ಮ, ಉಸಿರನ್ನೂ ಹಿಡಿಯುತ್ತದೆ, ಪಕ್ಕದ ಮನೆಯ ಮಿಕ್ಸಿಯನ್ನೂ ಹಿಡಿಯುತ್ತದೆ. ಡೈನಮಿಕ್ ಮೈಕು ಒರಟು. ಹತ್ತಿರದ ದನಿಯನ್ನಷ್ಟೇ ಚೆನ್ನಾಗಿ ಕೇಳಿಸಿಕೊಳ್ಳುತ್ತದೆ. 1966ರಿಂದ ಮಾರಾಟದಲ್ಲಿರುವ ಶೂರ್ ಎಸ್‌ಎಂ58 ಈ ಜಾತಿಯದು, ಸಭೆ-ಸಮಾರಂಭಗಳಲ್ಲಿ ಎಲ್ಲರೂ ಕಂಡದ್ದೇ. ಗದ್ದಲದ ಮನೆಗೆ ಡೈನಮಿಕ್ಕೇ ವಾಸಿ. ಹಾಡುವವರ ಬಾಯಿಗೂ ಮೈಕಿಗೂ ಒಂದು ಗೇಣು ಸಾಕು. ದೂರ ಇಮ್ಮಡಿಯಾದಾಗಲೆಲ್ಲ ನೇರ ದನಿ 6 ಡೆಸಿಬೆಲ್ ಕುಗ್ಗುತ್ತದೆ. ಗೋಡೆಯಿಂದ ಮರಳುವ ದನಿ ಅಷ್ಟು ಕುಗ್ಗುವುದಿಲ್ಲ. ಬಾವಿಯೊಳಗೆ ಹಾಡಿದಂತೆ ಕೇಳುವ ರೆಕಾರ್ಡುಗಳ ಗುಟ್ಟು ಇಷ್ಟೆ. ಮೈಕಿನಿಂದ ಕಂಪ್ಯೂಟರಿಗೆ ಧ್ವನಿ ದಾಟಿಸಲು ಎರಡು ತೂತುಗಳ ಒಂದು ಆಡಿಯೊ ಇಂಟರ್‌ಫೇಸ್ ಇದ್ದರೆ ಆರಂಭಕ್ಕೆ ಆಯಿತು. ತಂತ್ರಾಂಶಕ್ಕೆ ದುಡ್ಡು ಕೊಡಲೇಬೇಕೆಂದಿಲ್ಲ. ಧ್ವನಿಗೆ ಅಡಾಸಿಟಿ, ಚಿತ್ರ ಸಂಕಲನಕ್ಕೆ ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿ ಸಿಗುತ್ತದೆ. ರೆಕಾರ್ಡಿನಲ್ಲಿ ಜೇನು ಗುಂಯ್‌ಗುಟ್ಟಿದಂಥ ಸದ್ದು ಬಂದರೆ ಅದು ವಿದ್ಯುತ್ ತಂತಿಯ 50 ಹರ್ಟ್ಸಿನ ಗುನುಗು. ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ಬ್ಯಾಟರಿಯಲ್ಲೇ ನಡೆಸಿದರೆ ಸಾಮಾನ್ಯವಾಗಿ ಹೋಗುತ್ತದೆ.

ಹಿಮ್ಮೇಳದ ರೆಕಾರ್ಡಿಂಗ್ ಬೇರೆಯೇ ವಿದ್ಯೆ. ಮೊಬೈಲಿನಲ್ಲಿ ಹಿಡಿದ ಯಕ್ಷಗಾನ ಕೇಳಿದವರಿಗೆ ಒಂದು ವಿಚಿತ್ರ ಅನುಭವಕ್ಕೆ ಬಂದಿರುತ್ತದೆ: ಚೆಂಡೆಯ ಪೆಟ್ಟು ಬಿದ್ದೊಡನೆ ಭಾಗವತರ ದನಿ ಮುಳುಗುತ್ತದೆ, ಪೆಟ್ಟು ನಿಂತೊಡನೆ ಜನರ ಗುಸುಗುಸು, ಜೀರುಂಡೆಯ ಸದ್ದೆಲ್ಲ ಉಬ್ಬಿ ಬರುತ್ತದೆ. ಫೋನಿನೊಳಗಿನ ಸ್ವಯಂಚಾಲಿತ ಮಟ್ಟ ಹೊಂದಿಕೆಯ ಕೆಲಸವದು. ಜೋರು ಸದ್ದು ಬಂದಾಗ ಅದು ಎಲ್ಲವನ್ನೂ ಒಟ್ಟಿಗೆ ಇಳಿಸುತ್ತದೆ, ಸದ್ದು ಕಡಿಮೆಯಾದಾಗ ಎಲ್ಲವನ್ನೂ ಒಟ್ಟಿಗೆ ಏರಿಸುತ್ತದೆ. ಈ ಸೌಲಭ್ಯವನ್ನು ಆರಿಸಿ, ಚೆಂಡೆಯವರಲ್ಲಿ ಅತಿ ಜೋರಿನ ಒಂದು ಮುಕ್ತಾಯ ಬಾರಿಸಲು ಹೇಳಿ, ಆ ಪೆಟ್ಟು ಮೈನಸ್ 12 ಡೆಸಿಬೆಲ್ ಆಸುಪಾಸಿಗೆ ಬರುವಂತೆ ಕೈಯಲ್ಲೇ ಮಟ್ಟ ಕೂರಿಸಬೇಕು. 24 ಬಿಟ್ಟಿನಲ್ಲಿ ಮುದ್ರಿಸಿದರೆ ಅಷ್ಟು ತಗ್ಗಿಸಿದ ದನಿಯನ್ನು ಆಮೇಲೆ ಎತ್ತಿದರೂ ಗೊರಗೊರ ಬರುವುದಿಲ್ಲ. ಈಚಿನ 32 ಬಿಟ್ ಫ್ಲೋಟ್ ರೆಕಾರ್ಡರುಗಳಲ್ಲಿ ಈ ತಲೆಬಿಸಿಯೂ ಇಲ್ಲ. ಆದರೆ ಮೈಕಿನ ಪರದೆಯೇ ತಡೆಯಲಾರದಷ್ಟು ಹತ್ತಿರ ಚೆಂಡೆ ಇಟ್ಟರೆ ಯಾವ ರೆಕಾರ್ಡರೂ ಕಾಪಾಡದು. ಭಾಗವತರಿಗೆ ಒಂದು ಡೈನಮಿಕ್, ಮದ್ದಳೆಗೆ ಒಂದೂವರೆ ಮೊಳ ದೂರದಲ್ಲಿ ಒಂದು, ಚೆಂಡೆ ಆದಷ್ಟು ಹಿಂದೆ. ಚೆಂಡೆಗೆಂದೇ ಬೇರೆ ಮೈಕು ಹೆಚ್ಚಾಗಿ ಬೇಕಾಗುವುದಿಲ್ಲ, ಅದು ಎಲ್ಲ ಮೈಕಿಗೂ ತಾನಾಗಿ ಬರುತ್ತದೆ. ಮಳೆಗಾಲದಲ್ಲಿ ಚರ್ಮ ತೇವ ಕುಡಿದು ಸಡಿಲವಾಗುವುದರಿಂದ ಮದ್ದಳೆಯ ಶ್ರುತಿ ಇಳಿಯುತ್ತದೆ. ಇಂದಿನ ಪದ್ಯವನ್ನು ನಾಳಿನದಕ್ಕೆ ಜೋಡಿಸುವ ಯೋಚನೆಯಿದ್ದರೆ ಪ್ರತಿ ಸಲ ಶ್ರುತಿಪೆಟ್ಟಿಗೆಗೆ ಹೊಂದಿಸಿಕೊಳ್ಳದೆ ಬೇರೆ ದಾರಿಯಿಲ್ಲ.

ಬಯಲಾಟವಾದರೆ ಮೈಕಿನವರ ಮಿಕ್ಸರಿನಿಂದ ಒಂದು ಲೈನ್ ಕೇಳಿ ಪಡೆದು, ಜತೆಗೆ ಸಭೆಯ ನಡುವೆ ಇನ್ನೊಂದು ರೆಕಾರ್ಡರ್ ಇಡುವುದು ವಾಡಿಕೆ. ಮೊದಲನೆಯದರಲ್ಲಿ ಮಾತು ಸ್ಪಷ್ಟ, ಆದರೆ ಒಣಗಲು. ಎರಡನೆಯದರಲ್ಲಿ ಬಯಲಿನ ಗಾಳಿ, ಜನರ ನಗು. ಎರಡನ್ನೂ ಬೆರೆಸುವಾಗ ಒಂದು ಲೆಕ್ಕ ನೆನಪಿರಬೇಕು: ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತದೆ. 34 ಮೀಟರ್ ದೂರದ ರೆಕಾರ್ಡರಿಗೆ ಅದು ಸೆಕೆಂಡಿನ ಹತ್ತನೇ ಒಂದು ಭಾಗ ತಡವಾಗಿ, ಅಂದರೆ ಸೆಕೆಂಡಿಗೆ 25 ಫ್ರೇಮಿನ ಚಿತ್ರದಲ್ಲಿ ಎರಡೂವರೆ ಫ್ರೇಮಿನಷ್ಟು ಹಿಂದೆ ಬೀಳುತ್ತದೆ. ಸರಿಸಿ ಕೂರಿಸದಿದ್ದರೆ ತಾಳ ಎರಡಾಗಿ ಕೇಳುತ್ತದೆ.

ಚಿತ್ರೀಕರಣದಲ್ಲಿ ಪ್ರತಿ ಜಾಗದಲ್ಲೂ ಎಲ್ಲರನ್ನೂ ಸುಮ್ಮನಿರಿಸಿ ಒಂದು ನಿಮಿಷದ ಬರೀ ಮೌನ ಹಿಡಿದಿಡಬೇಕು. ಮಾತುಗಳ ನಡುವೆ ಕತ್ತರಿಸಿದಾಗ ಬೀಳುವ ಹೊಂಡಗಳಿಗೆ ತುಂಬುವ ಮಣ್ಣು ಅದು. ಬೇಕಲ ಅಥವಾ ಮಂಜೇಶ್ವರದ ಕಣ್ವತೀರ್ಥದಂಥ ಕಡಲ ಬದಿಯಲ್ಲಿ ಮೈಕಿನ ಸ್ಪಂಜಿನ ಟೊಪ್ಪಿ ಸಾಲದು, ತುಪ್ಪಳದ ಹೊದಿಕೆಯೇ ಬೇಕು. ಕರಾವಳಿಯುದ್ದಕ್ಕೂ ರೈಲು ಹಳಿ ಹಾದಿರುವುದರಿಂದ ಗಾಡಿಗಳ ವೇಳಾಪಟ್ಟಿ ಸಹಾಯಕ ನಿರ್ದೇಶಕನ ಕಿಸೆಯಲ್ಲಿರುವುದು ಒಳ್ಳೆಯದು. ರೈಲನ್ನಾದರೂ ಕಾದು ಕಳಿಸಬಹುದು. ಸಂಜೆಯ ಜೀರುಂಡೆಯ ದನಿ ‘ಸ’, ‘ಶ’ ಅಕ್ಷರಗಳ ಎತ್ತರದಲ್ಲೇ ಕೂತಿರುವುದರಿಂದ ಸಂಕಲನದಲ್ಲಿ ಅದನ್ನು ಕೀಳಹೋದರೆ ಮಾತೂ ಜತೆಗೆ ಕಿತ್ತುಬರುತ್ತದೆ.

ಕ್ಯಾಮೆರಾದ ವಿಷಯ ಇಷ್ಟು ದೊಡ್ಡದಲ್ಲ. ಅಮೆರಿಕದ ‘ಟ್ಯಾಂಜರಿನ್’ (2015) ಐಫೋನ್ 5ಎಸ್‌ನಲ್ಲಿ ತೆಗೆದ ಚಿತ್ರ. ಇಂದಿನ ಸಾಧಾರಣ ಫೋನುಗಳೂ ಅದನ್ನು ಮೀರಿವೆ. ಫೋಕಸ್ಸನ್ನೂ ಬೆಳಕಿನ ಮಟ್ಟವನ್ನೂ ಬಿಗಿಹಿಡಿಯುವ ಒಂದು ಆಪ್, ಗಟ್ಟಿ ಸ್ಟ್ಯಾಂಡ್ ಇದ್ದರೆ ಕಲಿಕೆ ಶುರು. ಹೆಚ್ಚಿನ ಫೋನುಗಳು ಸೆಕೆಂಡಿಗೆ 30 ಫ್ರೇಮಿಗೆ ಹೊಂದಿಸಿಕೊಂಡು ಬರುತ್ತವೆ. ನಮ್ಮ ವಿದ್ಯುತ್ತು 50 ಹರ್ಟ್ಸಿನದಾದ್ದರಿಂದ ಟ್ಯೂಬ್‌ಲೈಟು, ಅಗ್ಗದ ಎಲ್‌ಇಡಿಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಚಿತ್ರದಲ್ಲಿ ಕಪ್ಪು ಪಟ್ಟೆಗಳು ತೇಲುವುದು ಅದರಿಂದ. 25 ಫ್ರೇಮು, 1/50 ಸೆಕೆಂಡಿನ ಶಟರ್ ಇಟ್ಟರೆ ಪಟ್ಟೆ ಮಾಯ. ಅಡಿಕೆ ತೋಟದ ನೆರಳು ಕಣ್ಣಿಗೆ ತಂಪಾದರೂ ಮುಖಕ್ಕೆ ಹಸಿರು ಬಳಿಯುತ್ತದೆ, ನಡುವೆ ಬಿಸಿಲಿನ ಚುಕ್ಕಿಗಳು ಸುಟ್ಟ ಬಿಳಿಯಾಗಿ ಕಾಣುತ್ತವೆ. ಪಾತ್ರಧಾರಿಯ ತಲೆಯ ಮೇಲೆ ತೆಳು ಬಿಳಿ ಪಂಚೆ ಅಡ್ಡ ಹಿಡಿದು, ಎದುರಿನಿಂದ ಥರ್ಮೊಕೋಲಿನ ಹಲಗೆಯಲ್ಲಿ ಬೆಳಕು ಮರಳಿಸಿದರೆ ಬಾಡಿಗೆಯ ಲೈಟು ತರುವ ಅಗತ್ಯ ಬೀಳುವುದಿಲ್ಲ. ತೆಯ್ಯಂ ದೈವಾರಾಧನೆಯ ಪಂಜಿನ ಬೆಳಕಿಗೆ ಕ್ಯಾಮೆರಾ ತಾನಾಗಿ ಬಣ್ಣ ಹೊಂದಿಸಿಕೊಳ್ಳಲು ಬಿಟ್ಟರೆ ಕೆಂಪೆಲ್ಲ ಪೇಲವವಾಗುತ್ತದೆ. 3,200 ಕೆಲ್ವಿನ್‌ಗೆ ನಿಲ್ಲಿಸಿಟ್ಟರೆ ಬೆಂಕಿ ಬೆಂಕಿಯಾಗಿಯೇ ಉಳಿಯುತ್ತದೆ. ಅಲ್ಲಿ ಫ್ಲ್ಯಾಶ್ ಹೊಡೆಯುವುದು ತಂತ್ರದ ದೃಷ್ಟಿಯಿಂದಲೂ ಮರ್ಯಾದೆಯ ದೃಷ್ಟಿಯಿಂದಲೂ ತಪ್ಪು.

1995ರ ‘ಬಾಂಬೆ’ ಚಿತ್ರದ ಹಾಡಿನಿಂದ ದೇಶಕ್ಕೆಲ್ಲ ಪರಿಚಯವಾದ ಬೇಕಲ ಕೋಟೆ ಕೆಳದಿಯ ಶಿವಪ್ಪ ನಾಯಕನ ಕಾಲದ್ದು. ಈಗ ಪುರಾತತ್ವ ಸರ್ವೇಕ್ಷಣ ಇಲಾಖೆಯ ಸುಪರ್ದಿನಲ್ಲಿದೆ. ಅಲ್ಲಿ ಚಿತ್ರೀಕರಣಕ್ಕೆ ಮುಂಚಿತವಾಗಿ ಅನುಮತಿ ಪಡೆಯಬೇಕು. ಡ್ರೋನ್ ಹಾರಿಸುವವರು 2021ರ ಡ್ರೋನ್ ನಿಯಮಗಳಂತೆ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ಆ ಜಾಗ ಹಸಿರೋ ಕೆಂಪೋ ನೋಡಿಕೊಳ್ಳಬೇಕು.

ಸಾಧನಗಳು ಇಲ್ಲಿ ಕೆಡುವುದು ಹೆಚ್ಚಾಗಿ ಬಳಸದೆ ಇಟ್ಟಾಗ. ಮಳೆಗಾಲದಲ್ಲಿ ಕಪಾಟಿನಲ್ಲಿ ಉಳಿದ ಲೆನ್ಸಿನೊಳಗೆ ಜೇಡರ ಬಲೆಯಂತೆ ಬೂಸ್ಟು ಹಬ್ಬುತ್ತದೆ. ಒಮ್ಮೆ ಹಬ್ಬಿದರೆ ಗಾಜಿನ ಲೇಪವನ್ನೂ ತಿನ್ನುತ್ತದೆ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ, ಬಣ್ಣ ಬದಲಾದಾಗ ಅದನ್ನು ಬಿಸಿಮಾಡಿ ಒಣಗಿಸಿ ಮತ್ತೆ ಬಳಸಬಹುದು. ಒಳಗಿನ ತೇವಾಂಶ ಶೇ 40ರಿಂದ 50ರೊಳಗೆ ನಿಂತರೆ ಸಾಕು. ಕಾಯಿ ಒಣಗಿಸಿದಂತೆ ಒಣಗಿಸಿದರೆ ರಬ್ಬರು ಬಿರಿಯುತ್ತದೆ. ಅಕ್ಕಿಯಲ್ಲಿ ಹೂತಿಡುವುದರಿಂದ ಧೂಳು ಸೇರುವುದಷ್ಟೇ ಲಾಭ.

ಕೊನೆಯ ಖರ್ಚು ಜಾಗದ್ದು. 100 ಮೆಗಾಬಿಟ್ ದರದ 4ಕೆ ಚಿತ್ರ ಗಂಟೆಗೆ 45 ಜಿಬಿ ನುಂಗುತ್ತದೆ. ಎಂಟು ಗಂಟೆಯ ಇಡೀ ರಾತ್ರಿಯ ಆಟಕ್ಕೆ 360 ಜಿಬಿ. 48 ಕಿಲೊಹರ್ಟ್ಸ್, 24 ಬಿಟ್ಟಿನ ಸ್ಟೀರಿಯೊ ಧ್ವನಿಗಾದರೆ ಗಂಟೆಗೆ ಒಂದೇ ಜಿಬಿ ಸಾಕು. ದುಡ್ಡಿಲ್ಲದವರು ಚಿತ್ರ ಬಿಟ್ಟು ಧ್ವನಿಯನ್ನಷ್ಟೇ ಹಿಡಿದರೂ ಅದು ದೊಡ್ಡ ಆಸ್ತಿ. ಮೂರು ಪ್ರತಿ ಮಾಡಿ, ಒಂದನ್ನು ಬೇರೆ ಮನೆಯಲ್ಲಿ ಇಡಬೇಕು. ಕಿರುಚಿತ್ರವಾದರೆ ಅಡಿಬರಹದ ಕಡತವೂ ಜತೆಗಿರಲಿ. ಕಾಸರಗೋಡಿನ ಕನ್ನಡಕ್ಕೆ ಮೈಸೂರಿನಲ್ಲೂ ಅಡಿಬರಹ ಬೇಕಾಗುವುದುಂಟು. ಕಡತದ ಹೆಸರಿನಲ್ಲೇ ತಾರೀಕು, ಊರು, ಪ್ರಸಂಗ, ಭಾಗವತರು, ಚೆಂಡೆ-ಮದ್ದಳೆಯವರು, ಅರ್ಥಧಾರಿಗಳು, ಹಿಡಿದವರ ಹೆಸರು ಎಲ್ಲ ಇರಬೇಕು. ಕ್ಯಾಸೆಟ್ಟಿನ ಕಾಲದ ಎಷ್ಟೋ ತಾಳಮದ್ದಳೆಗಳು ಅಟ್ಟದ ಪೆಟ್ಟಿಗೆಗಳಲ್ಲಿ ಬರೀ ‘ಕರ್ಣಪರ್ವ, ಸೈಡ್ ಬಿ’ ಎಂಬ ಚೀಟಿಯೊಂದಿಗೆ ಕೂತಿವೆ, ಹಾಡಿದವರು ಯಾರೆಂದು ಹೇಳುವವರಿಲ್ಲದೆ.