ಕೆಲಸ ಬಿಟ್ಟ ಮೇಲೆ ಹಳೆ ಕಂಪನಿಯ ಸಂಶೋಧನೆ ಪ್ರಕಟಿಸಬಹುದೇ? ಕಳುಹಿಸುವ ಮುನ್ನ ಇದನ್ನು ಓದಿ

ಹೈದರಾಬಾದಿನ ಔಷಧ ಕಂಪನಿಯೊಂದರಲ್ಲಿ ಎರಡು ವರ್ಷ ಪ್ರಯೋಗ ನಡೆಸಿದವರೊಬ್ಬರು ಪುಣೆಯ ಇನ್ನೊಂದು ಕಂಪನಿಗೆ ಸೇರುತ್ತಾರೆ ಎಂದುಕೊಳ್ಳಿ. ಫಲಿತಾಂಶ ಸಿದ್ಧವಿದೆ, ಪ್ರಬಂಧ ಬರೆಯುವುದಷ್ಟೇ ಬಾಕಿ. ಈಗ ಅದನ್ನು ಜರ್ನಲ್‌ಗೆ ಕಳುಹಿಸಬಹುದೇ? ಕಳುಹಿಸಬಹುದು, ಆದರೆ ಹಳೆ ಕಂಪನಿಯ ಲಿಖಿತ ಒಪ್ಪಿಗೆ ಪಡೆದು.

1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ, ಬೇರೆ ಒಪ್ಪಂದ ಇಲ್ಲದಿದ್ದರೆ, ನೌಕರಿಯ ಭಾಗವಾಗಿ ಬರೆದದ್ದಕ್ಕೆ ಉದ್ಯೋಗದಾತರೇ ಮೊದಲ ಮಾಲೀಕರು. ಪ್ರಬಂಧವನ್ನು ಕೆಲಸ ಬಿಟ್ಟ ಮೇಲೆಯೇ ಬರೆದರೂ ಅದರಲ್ಲಿರುವ ದತ್ತಾಂಶ ಹಳೆ ಕಂಪನಿಯದ್ದು. ಪ್ರತಿಸ್ಪರ್ಧಿ ಕಂಪನಿಗೆ ಸೇರಬಾರದು ಎಂಬ ಷರತ್ತು ನಮ್ಮಲ್ಲಿ ಸಾಮಾನ್ಯವಾಗಿ ಊರ್ಜಿತವಾಗುವುದಿಲ್ಲ. ಅದನ್ನೇ ನೆಚ್ಚಿಕೊಂಡು ಗೋಪ್ಯತೆಯ ಷರತ್ತೂ ಮುಗಿಯಿತು ಎಂದುಕೊಳ್ಳುವವರಿದ್ದಾರೆ. ಅದು ತಪ್ಪು. ರಾಜೀನಾಮೆಯ ನಂತರವೂ ಗೋಪ್ಯತೆ ಕಾಯುವ ಹೊಣೆ ಉಳಿಯುತ್ತದೆ.

ಕಂಪನಿಗಳ ದೊಡ್ಡ ಆತಂಕ ಪೇಟೆಂಟ್. ಅರ್ಜಿಗೂ ಮೊದಲು ಪ್ರಬಂಧ ಪ್ರಕಟವಾದರೆ ಆವಿಷ್ಕಾರ 'ಹೊಸದು' ಎನಿಸಿಕೊಳ್ಳುವುದಿಲ್ಲ. ಭಾರತದ ಕಾನೂನಿನಲ್ಲಿ ಇದಕ್ಕೆ ವಿನಾಯಿತಿ ತೀರಾ ಕಡಿಮೆ. ಹಾಗಾಗಿ 'ಅರ್ಜಿ ಸಲ್ಲಿಸಿದ್ದೀರಾ?' ಎಂದು ಕೇಳಿಯೇ ಮಾತು ಶುರು ಮಾಡುವುದು ಜಾಣತನ. ಸಾಮಾನ್ಯವಾಗಿ 18 ತಿಂಗಳ ನಂತರ ಅರ್ಜಿಯೇ ಪ್ರಕಟವಾಗುತ್ತದೆ. ಆಮೇಲೆ ಅದರಲ್ಲಿರುವ ವಿಷಯ ಗುಟ್ಟಾಗಿ ಉಳಿಯುವುದಿಲ್ಲ, ಒಪ್ಪಿಗೆ ಸಿಗುವುದೂ ಸುಲಭ.

ಕಂಪನಿಗಳ ಈ ಭಯ ಹಳೆಯದು. ಡಬ್ಲಿನ್‌ನ ಗಿನ್ನೆಸ್ ಬಿಯರ್ ಕಂಪನಿಯ ವಿಲಿಯಂ ಗಾಸೆಟ್ 1908ರಲ್ಲಿ ತಮ್ಮ ಸಂಶೋಧನೆಯನ್ನು 'ಸ್ಟೂಡೆಂಟ್' ಎಂಬ ಗುಪ್ತನಾಮದಲ್ಲಿ ಪ್ರಕಟಿಸಬೇಕಾಯಿತು. ಸಂಖ್ಯಾಶಾಸ್ತ್ರದ ವಿದ್ಯಾರ್ಥಿಗಳು ಇಂದಿಗೂ ಕಲಿಯುವ 'ಸ್ಟೂಡೆಂಟ್ ಟಿ-ಟೆಸ್ಟ್' ಅವರದ್ದೇ.

ಒಪ್ಪಿಗೆ ಸಿಕ್ಕರೆ ಯಾವ ಸಂಸ್ಥೆಯ ಹೆಸರು ಹಾಕಬೇಕು? ಕೆಲಸ ನಡೆದ ಹಳೆ ಸಂಸ್ಥೆಯದ್ದೇ. ಹೊಸ ಸಂಸ್ಥೆಯನ್ನು 'ಈಗಿನ ವಿಳಾಸ' ಎಂದು ಅಡಿಟಿಪ್ಪಣಿಯಲ್ಲಿ ಕೊಟ್ಟರೆ ಸಾಕು. ವಿಶ್ಲೇಷಣೆಯ ಒಂದಷ್ಟು ಭಾಗ ಹೊಸ ಕಡೆ ನಡೆದಿದ್ದರೆ ಮಾತ್ರ ಎರಡೂ ಹೆಸರು. ಹಣ ಕೊಟ್ಟವರು ಯಾರು, ಲೇಖಕರು ಈಗ ಎಲ್ಲಿದ್ದಾರೆ ಎಂಬುದನ್ನೂ ಮುಚ್ಚಿಡುವಂತಿಲ್ಲ.

ಹಳೆ ಸಹೋದ್ಯೋಗಿಗಳನ್ನು ಲೇಖಕರ ಪಟ್ಟಿಯಿಂದ ಕೈಬಿಡುವುದೂ ಸಲ್ಲದು. ಇದಕ್ಕೆ ವ್ಯತಿರಿಕ್ತ ಸಂಗತಿಯೇ ಹೆಚ್ಚು ನೋವಿನದ್ದು: ಬಿಟ್ಟುಹೋದವರ ಹೆಸರನ್ನೇ ಅಳಿಸಿ ಹಳೆ ತಂಡ ಪ್ರಬಂಧ ಪ್ರಕಟಿಸುವುದು. ವೈದ್ಯಕೀಯ ಜರ್ನಲ್ ಸಂಪಾದಕರ ಅಂತರರಾಷ್ಟ್ರೀಯ ಸಮಿತಿಯ ನಿಯಮದಂತೆ, ಸಂಶೋಧನೆಗೆ ಗಣನೀಯ ಕೊಡುಗೆ ನೀಡಿದವರಿಗೆ ಕರಡು ಸಿದ್ಧಪಡಿಸುವ, ಅಂತಿಮ ರೂಪ ಒಪ್ಪುವ ಅವಕಾಶ ಕೊಡಬೇಕು. ನೌಕರಿ ಬಿಟ್ಟದ್ದು ಹೆಸರು ಕೈಬಿಡಲು ಕಾರಣವಾಗದು.

ಇದನ್ನೆಲ್ಲ ನೋಟಿಸ್ ಅವಧಿಯಲ್ಲೇ ಇಮೇಲ್ ಮೂಲಕ ಮಾತಾಡಿಕೊಳ್ಳುವುದು ಒಳ್ಳೆಯದು. ಯಾವ ಫಲಿತಾಂಶ, ಯಾರ್ಯಾರು ಲೇಖಕರು, ಕರಡು ಯಾರಿಗೆ ತೋರಿಸಬೇಕು ಎಂಬುದು ಅದರಲ್ಲಿರಲಿ. ಆದರೆ ಆ ಉತ್ತರ ಕಚೇರಿಯ ಇಮೇಲ್‌ನಲ್ಲಷ್ಟೇ ಉಳಿದರೆ, ಕೊನೆಯ ದಿನ ಖಾತೆಯ ಜತೆಗೇ ಅದೂ ಹೋಗುತ್ತದೆ. ಒಪ್ಪಿಗೆ ಪತ್ರವನ್ನು ಸ್ವಂತ ವಿಳಾಸಕ್ಕೇ ಕಳುಹಿಸುವಂತೆ ಕೇಳಿಕೊಳ್ಳಬೇಕು.