ಎಂಟು ನಿಮಿಷ, ಎರಡು ಗಂಟೆ

2004ರ ಡಿಸೆಂಬರ್ 26, ಭಾನುವಾರ ಬೆಳಿಗ್ಗೆ ಇಂಡೊನೇಷ್ಯಾದ ಸುಮಾತ್ರದ ಬಳಿ ಕಡಲ ತಳ ಕಂಪಿಸಿತು. ಅಲ್ಲಿ ಎದ್ದ ಅಲೆ ಹತ್ತಿರದ ಸಿಮೆಲುಯೆ ದ್ವೀಪದ ಉತ್ತರ ತೀರಕ್ಕೆ ಸುಮಾರು 8 ನಿಮಿಷದಲ್ಲಿ ಅಪ್ಪಳಿಸಿತು. ನಮ್ಮ ತಮಿಳುನಾಡಿನ ನಾಗಪಟ್ಟಣ ತಲುಪಲು ಅದಕ್ಕೆ 2 ಗಂಟೆಗೂ ಹೆಚ್ಚು ಹಿಡಿಯಿತು. ಆದರೂ 70,000ಕ್ಕೂ ಹೆಚ್ಚು ಜನರಿದ್ದ ಸಿಮೆಲುಯೆಯಲ್ಲಿ ಸತ್ತವರು 7 ಮಂದಿ. ನಾಗಪಟ್ಟಣ ಜಿಲ್ಲೆಯೊಂದರಲ್ಲೇ 6,000ಕ್ಕೂ ಹೆಚ್ಚು ಜನ ಹೋದರು.

ದ್ವೀಪದವರ ಬಳಿ ಸೈರನ್ ಇರಲಿಲ್ಲ. ಒಂದು ಪದವಿತ್ತು: 'ಸ್ಮೊಂಗ್'. 1907ರಲ್ಲಿ ಇಂಥದೇ ಅಲೆ ಆ ದ್ವೀಪದಲ್ಲಿ ಬಹಳ ಜನರನ್ನು ಬಲಿ ತೆಗೆದುಕೊಂಡಿತ್ತು. ಬದುಕುಳಿದವರು ಅದನ್ನು ಕಥೆಯಾಗಿಸಿದರು, ಜೋಗುಳವಾಗಿಸಿದರು. ನೆಲ ಜೋರಾಗಿ ನಡುಗಿ ಕಡಲು ಹಿಂದೆ ಸರಿದರೆ ಗುಡ್ಡ ಹತ್ತಬೇಕು, ಅಷ್ಟೇ ಪಾಠ. ಸುಮಾರು ನೂರು ವರ್ಷದ ನಂತರ 'ಸ್ಮೊಂಗ್' ಎಂಬ ಕೂಗು ಕೇಳಿದೊಡನೆ ಊರಿಗೆ ಊರೇ ಗುಡ್ಡ ಹತ್ತಿತು.

ನಾಗಪಟ್ಟಣದವರನ್ನು ದೂರುವಂತಿಲ್ಲ. ಅವರಿಗೆ ಕಂಪನ ಹೆಚ್ಚಾಗಿ ಅರಿವಿಗೇ ಬರಲಿಲ್ಲ. ಅಲ್ಲಿಯದು ಸಮತಟ್ಟು ನೆಲ, ಓಡಿ ಹತ್ತಲು ಗುಡ್ಡವಿಲ್ಲ. 'ಸುನಾಮಿ' ಎಂಬ ಮಾತನ್ನೇ ನಮ್ಮಲ್ಲಿ ಬಹುಪಾಲು ಜನ ಆ ದಿನ ಮೊದಲ ಸಲ ಕೇಳಿದ್ದು. ಹೈದರಾಬಾದಿನಲ್ಲಿ ಸುನಾಮಿ ಮುನ್ನೆಚ್ಚರಿಕೆ ಕೇಂದ್ರ ಕೆಲಸ ಶುರುಮಾಡಿದ್ದು 2007ರಲ್ಲಿ.

ಯಂತ್ರ ಬಂದರೆ ಮುಗಿಯಿತೇ? 2011ರ ಮಾರ್ಚ್ 11ರಂದು ಜಪಾನಿನಲ್ಲಿ ಎಲ್ಲ ವ್ಯವಸ್ಥೆಯೂ ಇತ್ತು. ಕಮಾಯಿಶಿ ಊರಿನ ದೊಡ್ಡ ತರಗತಿಯ ಮಕ್ಕಳು ನೆಲ ನಡುಗಿದೊಡನೆ ಎತ್ತರಕ್ಕೆ ಓಡಿದರು. ಅವರನ್ನು ಕಂಡು ಪಕ್ಕದ ಪ್ರಾಥಮಿಕ ಶಾಲೆಯ ಮಕ್ಕಳೂ ಹೊರಟರು. ಮೊದಲು ತಲುಪಿದ ಜಾಗ ಸಾಲದೆಂದು ತೋರಿದಾಗ ದೊಡ್ಡವರು ಚಿಕ್ಕವರ ಕೈಹಿಡಿದು ಇನ್ನೂ ಮೇಲೆ ಹೋದರು. ಆ ಊರಿನ ಶಾಲೆಗಳಲ್ಲಿ ವರ್ಷಗಟ್ಟಲೆ ಇದರ ಅಭ್ಯಾಸ ನಡೆದಿತ್ತು. ಸುಮಾರು 3,000 ಮಕ್ಕಳಲ್ಲಿ ಬಹುತೇಕ ಎಲ್ಲರೂ ಉಳಿದರು. ಅದೇ ದಿನ ಇಶಿನೊಮಾಕಿಯ ಒಕಾವಾ ಪ್ರಾಥಮಿಕ ಶಾಲೆಯಲ್ಲಿ ಮಕ್ಕಳನ್ನು ಅಂಗಳದಲ್ಲಿ ನಿಲ್ಲಿಸಿ, ಎಲ್ಲಿಗೆ ಹೋಗುವುದೆಂದು ತೀರ್ಮಾನವಾಗದೆ ಮುಕ್ಕಾಲು ಗಂಟೆಗೂ ಹೆಚ್ಚು ಕಳೆಯಿತು. ಶಾಲೆಯ ಬೆನ್ನಿಗೇ ಗುಡ್ಡವಿತ್ತು. 74 ಮಕ್ಕಳು, 10 ಮಂದಿ ಶಿಕ್ಷಕರು ಅಲೆಗೆ ಸಿಕ್ಕರು. ಶಾಲೆ ನಡೆಸಿದ ಯಾರಿಗೂ ಈ ಸಂಗತಿ ಓದಿ ಸುಮ್ಮನಿರಲಾಗದು.

ನಮ್ಮ ಗಡಿಯ ಮಕ್ಕಳಿಗೆ ಕಡಲು ದೂರವಾದರೂ ಗುಡ್ಡ ಹತ್ತಿರ. ವಯನಾಡಿನ ಮುಂಡಕ್ಕೈ, ಚೂರಲ್‌ಮಲೆಗಳು 2024ರ ಜುಲೈ 30ರ ನಸುಕಿನಲ್ಲಿ ಮಣ್ಣುಪಾಲಾದವು. ನೀಲಗಿರಿಯಲ್ಲೂ ಮಳೆಗಾಲದಲ್ಲಿ ಗುಡ್ಡ ಜರಿಯುವುದು ಹೊಸತಲ್ಲ. ಅದಕ್ಕೂ ಗುರುತುಗಳಿವೆ: ಹಳ್ಳದ ನೀರು ಇದ್ದಕ್ಕಿದ್ದಂತೆ ಕೆಂಪಾಗುವುದು, ಮಳೆ ಸುರಿಯುತ್ತಿದ್ದರೂ ಹರಿವು ತಗ್ಗುವುದು, ನೆಲ ಬಿರಿಯುವುದು, ನೆಟ್ಟಗಿದ್ದ ಮರ ವಾಲುವುದು. ಕಂಡರೆ ಯಾರ ಅಪ್ಪಣೆಗೂ ಕಾಯದೆ ಇಳಿಜಾರನ್ನೂ ಹಳ್ಳದ ದಾರಿಯನ್ನೂ ಬಿಟ್ಟು ದೂರ ಹೋಗಬೇಕು.

ಪ್ರಕಟಣೆ ತಮಿಳಿನಲ್ಲೋ ಮಲಯಾಳದಲ್ಲೋ ಬಂದಾಗ ಅದನ್ನು ಓದಿ ಮನೆಯ ಅಜ್ಜಿಗೆ ಕನ್ನಡದಲ್ಲಿ ತಿಳಿಸಬಲ್ಲವರು ಎರಡು ಭಾಷೆ ಕಲಿತ ನಮ್ಮ ಮಕ್ಕಳೇ. ಅಜ್ಜಿ ಕಂಡ ಹಳೆಯ ಮಳೆಯ ಕಥೆಯನ್ನು ಶಾಲೆಗೆ ತರಬಲ್ಲವರೂ ಅವರೇ. ಶಿಕ್ಷಕರು ಈ ಮಳೆಗಾಲಕ್ಕೆ ಮುಂಚೆ ಒಂದು ಪೀರಿಯಡ್ ಇದಕ್ಕೆ ಕೊಡಲಿ. ಆಮೇಲೆ ಮಕ್ಕಳನ್ನು ಕರೆದುಕೊಂಡು ಸುರಕ್ಷಿತ ಜಾಗದವರೆಗೆ ಒಮ್ಮೆ ನಡೆದು ಬರಲಿ.