ಕ್ಲಚ್ ಕೇಬಲ್ ಕೊಡುವ ಮುನ್ಸೂಚನೆ



ವೈದ್ಯರನ್ನು ಉಪನ್ಯಾಸಕ್ಕೆ ಕರೆದವರು ಸಾಮಾನ್ಯವಾಗಿ ಸಕ್ಕರೆ ಕಾಯಿಲೆಯನ್ನೋ ರಕ್ತದೊತ್ತಡವನ್ನೋ ನಿರೀಕ್ಷಿಸುತ್ತಾರೆ. ಇಂದು ನಾವು ಮಾತನಾಡಲಿರುವುದು ಮೋಟಾರ್ ಸೈಕಲ್ಲಿನ ಕ್ಲಚ್ ಕೇಬಲ್ಲಿನ ವಿಷಯ. ಇದು ವೈದ್ಯರ ವ್ಯಾಪ್ತಿಗೆ ಸೇರದೆಂದು ಯಾರಿಗಾದರೂ ಅನ್ನಿಸಿದರೆ ಕಾರಣವನ್ನು ಮೊದಲೇ ಹೇಳಿಬಿಡುತ್ತೇವೆ. ಎಡಗೈ ನೋವೆಂದು ನಮ್ಮಲ್ಲಿಗೆ ಬರುವ ಸವಾರರಿದ್ದಾರೆ. ಊಟದ ಪೆಟ್ಟಿಗೆ ಕಟ್ಟಿಕೊಂಡು ಬೆಳಗಿನಿಂದ ರಾತ್ರಿಯವರೆಗೆ ಓಡುವ ತರುಣರೂ ಉಂಟು, ವಾರಾಂತ್ಯದಲ್ಲಿ ಹತ್ತಾ ಅಥವಾ ಜೆಬೆಲ್ ಜೈಸ್ ಕಡೆಗೆ ಹೊರಡುವ, ನಮ್ಮದೇ ವಯಸ್ಸಿನ ಹವ್ಯಾಸಿಗಳೂ ಉಂಟು. ಮುಂಗೈಯ ಒಳಭಾಗ, ಮಣಿಕಟ್ಟು, ಬೆರಳ ಸಂದು ನೋಯುತ್ತದೆ. ಬಲಗೈ ಮಾತ್ರ ಆರೋಗ್ಯವಾಗಿರುತ್ತದೆ. ಅಂಥವರನ್ನು ನಾವು ಕೇಳುವ ಮೊದಲ ಪ್ರಶ್ನೆಯೆಂದರೆ, ಗಾಡಿಯ ಕ್ಲಚ್ ಲಿವರ್ ಇತ್ತೀಚೆಗೆ ಬಿಗಿಯಾಗಿದೆಯೇ? ಹೌದೆಂದರೆ, ಕೈಗೆ ಮುಲಾಮು ಬರೆದುಕೊಡುವುದರ ಜೊತೆಗೆ ಕೇಬಲ್ಲನ್ನೂ ತೋರಿಸಿಕೊಂಡು ಬರುವಂತೆ ಹೇಳುತ್ತೇವೆ. ಬಿಗಿಯಾದ ಕೇಬಲ್ ಬಹುಪಾಲು ತುಂಡಾಗಲು ಸಿದ್ಧವಾಗುತ್ತಿರುವ ಕೇಬಲ್. ಅದು ಶೇಖ್ ಜಾಯೆದ್ ರಸ್ತೆಯ ನಟ್ಟನಡುವೆ ತುಂಡಾದರೆ ಮುಲಾಮಿನ ಪ್ರಶ್ನೆಯೇ ಉಳಿಯದು.

ಮೊದಲು ಇದರ ರಚನೆಯನ್ನು ತಿಳಿಯೋಣ. ಸುರುಳಿ ಸುತ್ತಿದ ಉಕ್ಕಿನ ಕೊಳವೆಯೊಂದು, ಅದರ ಮೇಲೆ ಪ್ಲಾಸ್ಟಿಕ್ ಹೊದಿಕೆ, ಒಳಗೆ ಜಾರುವ ಉಕ್ಕಿನ ತಂತಿ. ಇಷ್ಟೇ. 1896ರಲ್ಲಿ ಅರ್ನೆಸ್ಟ್ ಬೌಡನ್ ಎಂಬಾತ ಇಂಗ್ಲೆಂಡಿನಲ್ಲಿ ಇದರ ಪೇಟೆಂಟ್ ಪಡೆದುದರಿಂದ ಇದಕ್ಕೆ ಬೌಡನ್ ಕೇಬಲ್ ಎಂದೇ ಹೆಸರು. ಇದರ ಉಪಕಾರ ನಮ್ಮ ವೃತ್ತಿಗೂ ಇದೆ. ಕೈ ಕಳೆದುಕೊಂಡವರು ಭುಜವನ್ನು ಅಲುಗಿಸಿ ಕೃತಕ ಹಸ್ತವನ್ನು ತೆರೆಯುವುದು ಇಂಥದೇ ಕೇಬಲ್ಲಿನಿಂದ. ಹೊಟ್ಟೆಯೊಳಗೆ ಇಳಿಸುವ ಎಂಡೋಸ್ಕೋಪಿನ ತುದಿಯನ್ನು ಬಾಗಿಸುವುದೂ ಕೊಳವೆಯೊಳಗಿನ ತಂತಿಗಳೇ. ಆದರೆ ಅತ್ಯುತ್ತಮ ಮಾದರಿ ನಮ್ಮ ಬೆರಳಿನಲ್ಲಿಯೇ ಇದೆ. ಬೆರಳನ್ನು ಮಡಚುವ ಸ್ನಾಯುರಜ್ಜು ಒಂದು ಕೋಶದೊಳಗೆ ಜಾರುತ್ತದೆ. ಆ ಕೋಶದಲ್ಲಿ ಜಿಡ್ಡಾದ ದ್ರವವಿರುತ್ತದೆ. ಕೋಶ ದಪ್ಪಗಟ್ಟಿ ರಜ್ಜು ಸಿಕ್ಕಿಕೊಂಡರೆ ಬೆರಳು ಟಕ್ಕೆಂದು ಎಗರಿ ಬಿಚ್ಚಿಕೊಳ್ಳುತ್ತದೆ. ಕ್ಲಚ್ ಲಿವರನ್ನು ಬಿಡುವಾಗ ಅದು ನಯವಾಗಿ ಮರಳದೆ ತಡೆತಡೆದು ಬಂದರೆ, ಅಲ್ಲಿರುವುದೂ ಇದೇ ವ್ಯಾಧಿ. ವ್ಯತ್ಯಾಸ ಒಂದೇ: ದೇಹ ತನ್ನ ಜಿಡ್ಡನ್ನು ತಾನೇ ಸ್ರವಿಸಿಕೊಳ್ಳುತ್ತದೆ, ಕೇಬಲ್ಲಿಗೆ ನಾವೇ ಹಾಕಬೇಕು.

ಕೇಬಲ್ ಹಠಾತ್ತನೆ ತುಂಡಾಯಿತೆಂದು ಎಲ್ಲರೂ ಹೇಳುತ್ತಾರೆ. ವಾಸ್ತವದಲ್ಲಿ ಅದು ವಾರಗಟ್ಟಲೆ ತುಂಡಾಗುತ್ತಿರುತ್ತದೆ. ಒಳತಂತಿ ಒಂಟಿ ತಂತಿಯಲ್ಲ, ಹಲವು ಸಣ್ಣ ಎಳೆಗಳ ಹೊಸೆತ. ಅನೇಕ ಕೇಬಲ್‌ಗಳಲ್ಲಿ 19 ಎಳೆಗಳಿರುತ್ತವೆ. ತಂತಿಯ ತುದಿಯಲ್ಲಿ ನಿಪ್ಪಲ್ ಎಂಬ ಲೋಹದ ಗುಂಡು ಇದ್ದು, ಅದು ಲಿವರಿನ ಕುಳಿಯಲ್ಲಿ ಕೂರುತ್ತದೆ. ಲಿವರನ್ನು ಒತ್ತಿದಂತೆಲ್ಲ ಈ ಗುಂಡು ಕುಳಿಯಲ್ಲಿ ತುಸು ತಿರುಗಬೇಕು. ಗ್ರೀಸು ಒಣಗಿ, ಧೂಳು ತುಂಬಿ ಅದು ತಿರುಗದೆ ಹೋದರೆ, ತಿರುಗಬೇಕಾದಷ್ಟು ಕೋನವನ್ನು ತಂತಿಯೇ ಬಾಗಿ ತುಂಬಿಕೊಡುತ್ತದೆ. ಪ್ರತಿ ಸಲವೂ ಅದೇ ಜಾಗದಲ್ಲಿ, ಗುಂಡಿನ ಬುಡದಲ್ಲಿ. ಪೇಟೆಯೊಳಗೆ ಗಂಟೆಗೆ ನೂರು ಬಾರಿ ಕ್ಲಚ್ ಒತ್ತುತ್ತೇವೆಂದು ಇಟ್ಟುಕೊಂಡರೂ ಹತ್ತು ಗಂಟೆ ದುಡಿಯುವ ತರುಣನಿಗೆ ಅದು ದಿನಕ್ಕೆ ಸಾವಿರ ಬಾಗುವಿಕೆ. ಒಂದೇ ಎಳೆತಕ್ಕೆ ಜಗ್ಗದ ಉಕ್ಕು ಪುನಃಪುನಃ ಬಾಗಿಸಿದರೆ ದಣಿದು ಬಿರುಕುಬಿಡುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ ರೈಲುಗಾಡಿಯ ಅಚ್ಚುಗಳು ಮುರಿದಾಗ ಜರ್ಮನಿಯ ವೋಲರ್ ಇದನ್ನು ಪ್ರಯೋಗಗಳಿಂದ ತೋರಿಸಿದ. ದೀರ್ಘ ನಡಿಗೆಯ ಸೈನಿಕರಿಗೆ ಪಾದದ ಎಲುಬಿನಲ್ಲಿ ಬರುವ ಬಿರುಕೂ ಇದೇ ಜಾತಿಯದು. ಒಂದು ಎಳೆ ಹೋದರೆ ಭಾರ ಉಳಿದ ಹದಿನೆಂಟರ ಮೇಲೆ, ಎರಡು ಹೋದರೆ ಹದಿನೇಳರ ಮೇಲೆ. ಹೀಗೆ ಕೊನೆಯ ಎಳೆಗಳು ಬಹು ಬೇಗ ಹೋಗುತ್ತವೆ. ನೋಡುವವನಿಗೆ ಮಾತ್ರ ಎಲ್ಲವೂ ಹಠಾತ್ತಾಗಿ ಕಾಣುತ್ತದೆ, ಏಕೆಂದರೆ ಇದೆಲ್ಲ ನಡೆಯುವುದು ರಬ್ಬರ್ ಟೋಪಿಯ ಮರೆಯಲ್ಲಿ.

ನಾವಿರುವ ದೇಶದ ಹವೆ ಇದಕ್ಕೆ ನೀರೆರೆಯುತ್ತದೆ. ಬೇಸಗೆಯಲ್ಲಿ ಉಷ್ಣತೆ 45 ಡಿಗ್ರಿ ದಾಟಿದಾಗ ಎಣ್ಣೆ ತೆಳುವಾಗಿ ಇಳಿದುಹೋಗುತ್ತದೆ. ಉಳಿದ ಗ್ರೀಸು ನುಣ್ಣನೆಯ ಮರಳನ್ನು ಹಿಡಿದುಕೊಂಡು ಸಾಣೆಯ ಹಿಟ್ಟಿನಂತಾಗುತ್ತದೆ. ಬಿಸಿಲಿಗೆ ರಬ್ಬರ್ ಟೋಪಿ ಸೀಳುತ್ತದೆ. ಕಡಲ ಕಡೆಯ ಉಪ್ಪುಗಾಳಿ, ಚಳಿಗಾಲದ ಮುಂಜಾವಿನ ಮಂಜು ಆ ಸೀಳಿನಿಂದ ಒಳಗಿಳಿದು ತುಕ್ಕು ಹಿಡಿಸುತ್ತವೆ. ಇವೆಲ್ಲಕ್ಕಿಂತ ಹೆಚ್ಚಿನ ಅಪಕಾರಿ ನಮ್ಮ ಶುಚಿತ್ವದ ಮೋಹವೆಂದು ನಮಗೆ ತೋರುತ್ತದೆ. ಗಾಡಿ ತೊಳೆಯುವ ಅಂಗಡಿಯ ರಭಸದ ನೀರನ್ನು ಲಿವರಿನ ಬುಡಕ್ಕೇ ಹಿಡಿದರೆ ಕೆಸರು ಕೊಳವೆಯೊಳಗೇ ಸೇರುತ್ತದೆ. ಇನ್ನು ರಜೆಗೆ ಊರಿಗೆ ಹೋಗುವಾಗ ಎರಡು ತಿಂಗಳು ಬಯಲಿನಲ್ಲಿ ನಿಂತ ಗಾಡಿಯ ಸ್ಥಿತಿಯನ್ನು ಹೇಳಬೇಕಾಗಿಲ್ಲ. ಹಾಸಿಗೆ ಹಿಡಿದ ರೋಗಿಯ ಕೀಲುಗಳಂತೆ, ಓಡದ ಗಾಡಿಯ ಕೇಬಲ್ ಓಡುವ ಗಾಡಿಯದಕ್ಕಿಂತ ಬೇಗ ಕೆಡಬಲ್ಲದು.

ಲಕ್ಷಣಗಳನ್ನು ಹೇಳುತ್ತೇವೆ. ಲಿವರ್ ಬಿಗಿಯಾಗುವುದು, ನಿಧಾನವಾಗಿ ಮರಳುವುದು, ಒತ್ತುವಾಗ ಕಿರುಗುಟ್ಟುವುದು. ಇವು ಆರಂಭದವು. ಹೆಚ್ಚು ಗಂಭೀರವಾದುದು, ಸರಿಪಡಿಸಿದ ಸಡಿಲ ಮತ್ತೆ ಕೆಲವೇ ದಿನಗಳಲ್ಲಿ ಹೆಚ್ಚುವುದು. ತಿರುಪನ್ನು ತಿರುಗಿಸಿ ಸರಿಮಾಡಿದೆವೆಂದು ಸಮಾಧಾನಪಡುವವರು, ಹಳೆಯ ತಂತಿ ಇಷ್ಟು ಬೇಗ ಉದ್ದವಾದದ್ದೇಕೆ ಎಂದು ಕೇಳಿಕೊಳ್ಳುವುದಿಲ್ಲ. ಎಳೆಗಳು ಹರಿಯುತ್ತಿರುವುದರಿಂದ ಅದು ಉದ್ದವಾಗುತ್ತಿದೆ. ಕ್ಲಚ್ ಪೂರ್ತಿ ಒತ್ತಿದ್ದರೂ ಗಾಡಿ ಮುಂದಕ್ಕೆ ತೆವಳುವುದು, ನಿಂತಾಗ ನ್ಯೂಟ್ರಲ್ ಸಿಗದಿರುವುದು ಇದರ ಮುಂದಿನ ಹಂತ.

ರೋಗನಿರ್ಣಯದಲ್ಲಿ ಒಂದು ಎಚ್ಚರ ಬೇಕು. ಬಿಗಿತ ಕೇಬಲ್ಲಿನದೋ ಎಂಜಿನ್ ಬದಿಯ ಸನ್ನೆಯದೋ ತಿಳಿಯಬೇಕಾದರೆ, ಎರಡೂ ತುದಿಗಳನ್ನು ಬಿಚ್ಚಿ ತಂತಿಯನ್ನು ಕೈಯಿಂದ ಎಳೆದು ನೋಡಬೇಕು. ಸರಾಗವಾಗಿ ಜಾರಿದರೆ ಕೇಬಲ್ ನಿರಪರಾಧಿ. ತಂತಿಯನ್ನು ಬಟ್ಟೆಯಿಂದ ಒರೆಸುವಾಗ ದಾರ ಸಿಕ್ಕಿಕೊಂಡರೆ ಎಳೆ ಹರಿದಿದೆಯೆಂದರ್ಥ. ಬರಿಬೆರಳಿನಿಂದ ಸವರಬೇಡಿ, ಉಕ್ಕಿನ ಸಿಬಿರು ತೆಗೆಸಿಕೊಳ್ಳಲು ಮತ್ತೆ ನಮ್ಮಲ್ಲಿಗೇ ಬರಬೇಕಾದೀತು. ಒಂದೇ ಎಳೆ ಹರಿದಿದ್ದರೂ ಕೇಬಲ್ಲನ್ನು ಬದಲಿಸಬೇಕು. ಬೆಸುಗೆ ಹಾಕಿಸುವ ಮಿತವ್ಯಯ ಬೇಡ. ಮುಸಫ್ಫಾದಲ್ಲಾಗಲಿ ಅಲ್ ಕೂಜ್‌ನಲ್ಲಾಗಲಿ, ಗಾಡಿಯ ಒಂದು ಕ್ಲಚ್ ಪ್ಲೇಟಿನ ಕೆಲಸಕ್ಕೆ ಹೋಲಿಸಿದರೆ ಕೇಬಲ್ಲಿನ ಖರ್ಚು ಗಣನೆಗೇ ಬಾರದು.

ಆರೈಕೆ ಸುಲಭ. ಲಿವರ್ ಕಡೆಯ ತುದಿಯನ್ನು ಬಿಚ್ಚಿ, ಪ್ಲಾಸ್ಟಿಕ್ ಚೀಲದ ಮೂಲೆಯನ್ನು ಕತ್ತರಿಸಿ ಕೊಳವೆಯ ಬಾಯಿಗೆ ಬಿಗಿಯಾಗಿ ಕಟ್ಟಿ, ತೆಳುವಾದ ಎಣ್ಣೆಯನ್ನು ಅದರೊಳಗೆ ಹನಿಸಿ ರಾತ್ರಿ ನೇತುಬಿಡಬೇಕು. ಕೆಳತುದಿಯಿಂದ ಮೊದಲು ಕಪ್ಪು ಹನಿ, ಆಮೇಲೆ ತಿಳಿಹನಿ ಬರುತ್ತದೆ. ಊರಿನ ಮೆಕ್ಯಾನಿಕ್‌ಗಳು ಕಾಗದದ ಕೊಟ್ಟೆ ಕಟ್ಟಿ ಮಾಡುತ್ತಿದ್ದುದೂ ಇದನ್ನೇ. ಒಳಗೆ ನೈಲಾನ್ ಅಥವಾ ಟೆಫ್ಲಾನ್ ಪದರವಿರುವ ಹೊಸ ಬಗೆಯ ಕೇಬಲ್ಲಿಗೆ ದಪ್ಪ ಗ್ರೀಸು ಹಾಕಬಾರದು. ತಯಾರಕರ ಕೈಪಿಡಿಯನ್ನು ನೋಡಿಕೊಳ್ಳಿ. ನಿಪ್ಪಲ್ಲಿಗೂ ಲಿವರಿನ ತಿರುಗಣೆಗೂ ಮಾತ್ರ ಚೂರು ಗ್ರೀಸು ಬೇಕು. ಜೋಡಿಸಿದ ಮೇಲೆ ಲಿವರಿನ ತುದಿಯಲ್ಲಿ ಬಹುತೇಕ ಗಾಡಿಗಳಿಗೆ 10ರಿಂದ 20 ಮಿಲಿಮೀಟರ್ ಸಡಿಲ ಇರಬೇಕು. ಸಡಿಲವೇ ಇಲ್ಲದಿದ್ದರೆ ಕ್ಲಚ್ ಅರ್ಧ ಒತ್ತಿದಂತೆಯೇ ಇದ್ದು ಪ್ಲೇಟುಗಳು ಸುಡುತ್ತವೆ. ಕೊನೆಗೆ ಹ್ಯಾಂಡಲನ್ನು ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸಿ ನೋಡಿ. ಆಗ ಲಿವರ್ ಬಿಗಿಯಾದರೆ ಕೇಬಲ್ ಸಾಗಿದ ದಾರಿಯೇ ತಪ್ಪಾಗಿದೆ.

ಹಳೆಯ ಗಾಡಿಯೆಂದಾಗ ಕನ್ನಡಿಗರು ಮೈಸೂರನ್ನು ನೆನೆಯದಿರಲಾರರು. ಚೆಕೊಸ್ಲೊವಾಕಿಯದ ಜಾವಾ ಸಂಸ್ಥೆಯ ಪರವಾನಗಿಯಿಂದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಮೋಟಾರ್ ಸೈಕಲ್ ತಯಾರಿಕೆಯನ್ನು ಆರಂಭಿಸಿತು. ಮುಂದೆ ಅದೇ ಯೆಜ್ಡಿಯಾಯಿತು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಅಂದರೆ ಅಲ್ಲಿ ತಯಾರಾದ ಅತ್ಯಂತ ಕಿರಿಯ ಗಾಡಿಗೂ ಸುಮಾರು ಮೂವತ್ತು ವರ್ಷ. ತಂದೆಯದೋ ಮಾವನದೋ ಅಂಥ ಗಾಡಿಯನ್ನು ಊರಿನ ಕೊಟ್ಟಿಗೆಯಲ್ಲಿ ಜೋಪಾನವಾಗಿರಿಸಿ, ರಜೆಯಲ್ಲಿ ಹದಿನೈದು ದಿನ ಓಡಿಸುವವರು ನಮ್ಮಲ್ಲಿ ಕೆಲವರಿದ್ದಾರೆ. ಹನ್ನೊಂದು ತಿಂಗಳು ನಿಂತ ಕೇಬಲ್ಲು ಮೊದಲ ದಿನವೇ ಚಾರ್ಮಾಡಿ ಘಾಟಿ ಹತ್ತಬೇಕಾಗುತ್ತದೆ!

ಜಾವಾ-ಯೆಜ್ಡಿಯ ಚಮತ್ಕಾರವೆಂದರೆ ಅದರ ಅರೆ ಸ್ವಯಂಚಾಲಿತ ಕ್ಲಚ್. ಕಿಕ್ ಹೊಡೆಯುವ ಕೋಲೇ ಗೇರಿನ ಪೆಡಲ್ ಎಂಬುದು ಎಲ್ಲರಿಗೂ ಗೊತ್ತು. ಆ ಪೆಡಲನ್ನು ಒತ್ತಿದಾಗ ಗೇರು ಬದಲಾಗುವುದಕ್ಕೆ ಮುಂಚೆ ಒಳಗಿನ ಸನ್ನೆ ಕ್ಲಚ್ಚನ್ನೂ ಬಿಡಿಸುತ್ತದೆ. ಕೈಯ ಲಿವರ್ ಆಗ ಸಡಿಲಗೊಂಡು ಜೋಲುವುದನ್ನು ಸವಾರರು ಗಮನಿಸಿರಬಹುದು. ಹೊಂದಾಣಿಕೆ ಸರಿಯಾಗಿದ್ದರೆ, ಕೇಬಲ್ ಹರಿದರೂ ಪೆಡಲನ್ನು ಒತ್ತಿಹಿಡಿದು ಮೆಲ್ಲನೆ ಬಿಡುತ್ತಾ ಹೊರಟು ಮನೆ ಸೇರಬಹುದು. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಎಂಬ ಹೆಸರಿನಲ್ಲಿ ಮತ್ತೆ ಬಂದ ಗಾಡಿಗಳಲ್ಲಿ ಈ ಏರ್ಪಾಡಿಲ್ಲ. ನಾವು ಇಲ್ಲಿ ಓಡಿಸುವ ಉಳಿದ ಗೇರಿನ ಗಾಡಿಗಳಲ್ಲಿಯೂ ಇಲ್ಲ.

ಆದ್ದರಿಂದ ಇಲ್ಲಿ ಕೇಬಲ್ ತುಂಡಾದರೆ ಏನು ಮಾಡಬೇಕೆಂಬುದನ್ನು ಮನೆಯ ಮಕ್ಕಳಿಗೂ ಹೇಳಿಕೊಡಿ. ಅಪಾಯ ಹೆಚ್ಚಿರುವುದು ಓಟದಲ್ಲಲ್ಲ, ಸಿಗ್ನಲ್ಲಿನಲ್ಲಿ. ಮೊದಲ ಗೇರಿನಲ್ಲಿ ಲಿವರ್ ಒತ್ತಿಕೊಂಡು ನಿಂತಿರುವಾಗ ತಂತಿ ಹರಿದರೆ ಗಾಡಿ ಮುಂದಕ್ಕೆ ನೆಗೆಯುತ್ತದೆ, ಮುಂದೆ ಪಾದಚಾರಿಗಳಿರುತ್ತಾರೆ. ಹಿಂದಿನ ವಾಹನ ಬಂದು ನಿಂತದ್ದನ್ನು ಕನ್ನಡಿಯಲ್ಲಿ ನೋಡುವವರೆಗೆ ಗೇರಿನಲ್ಲಿರಿ, ಆಮೇಲೆ ನ್ಯೂಟ್ರಲ್ ಮಾಡಿ ಕೈಬಿಡಿ. ಬ್ರೇಕಿನ ಮೇಲಿನ ಕಾಲನ್ನು ಮಾತ್ರ ತೆಗೆಯಬೇಡಿ. ಎಡಗೈಗೂ ಅಷ್ಟು ವಿಶ್ರಾಂತಿ ಸಿಗುತ್ತದೆ. ಓಟದಲ್ಲಿ ಹರಿದರೆ ಗಾಬರಿ ಬೇಡ. ಎಂಜಿನ್ ಓಡುತ್ತಲೇ ಇರುತ್ತದೆ. ಸೂಚನೆ ಕೊಟ್ಟು, ವೇಗವನ್ನಿಳಿಸುತ್ತಾ ಬಲಬದಿಯ ಅಂಚಿಗೆ ಸರಿದು, ನಿಲ್ಲುವ ಮುನ್ನ ನ್ಯೂಟ್ರಲ್ ಹುಡುಕಬೇಕು. ಸಿಗದಿದ್ದರೆ ಕೆಂಪು ಸ್ವಿಚ್ಚಿನಿಂದ ಎಂಜಿನ್ ಆರಿಸಬೇಕು. ಥ್ರಾಟಲನ್ನು ಕ್ಷಣ ಮುಚ್ಚಿ ಕ್ಲಚ್ಚಿಲ್ಲದೆ ಗೇರು ಬದಲಿಸುತ್ತಾ ಹೋಗುವ ವಿದ್ಯೆ ಹಳ್ಳಿಯ ರಸ್ತೆಗೆ ಸರಿ. ದುಬೈ-ಅಬುಧಾಬಿ ಹೆದ್ದಾರಿಯಲ್ಲಿ ಅದನ್ನು ಪ್ರಯೋಗಿಸಬಾರದು. ತಡೆಬೇಲಿಯ ಆಚೆ ನಿಂತು ಸಹಾಯಕ್ಕೆ ಕರೆಯಿರಿ. ಪೊಲೀಸರ ಸಂಖ್ಯೆ 999.

ಕೈಯ ವಿಷಯದಲ್ಲಿ ಒಂದೇ ಮಾತು. ಹೊಸ ಕೇಬಲ್ ಹಾಕಿಸಿ ಎರಡು ಮೂರು ವಾರ ಕಳೆದರೂ ನೋವು ಇಳಿಯದಿದ್ದರೆ, ಅಥವಾ ರಾತ್ರಿ ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿದು ಎಚ್ಚರವಾಗುತ್ತಿದ್ದರೆ, ಮಣಿಕಟ್ಟಿನಲ್ಲಿ ನರ ಒತ್ತಿಕೊಂಡಿರಬಹುದು. ಆಗ ಮೆಕ್ಯಾನಿಕ್ಕನ್ನು ಬಿಟ್ಟು ವೈದ್ಯರಲ್ಲಿಗೆ ಬನ್ನಿ.

ದೀರ್ಘ ಪ್ರಯಾಣ ಮಾಡುವವರು ಹೊಸ ಕೇಬಲ್ಲೊಂದನ್ನು ಎಣ್ಣೆ ಹಾಕಿ, ಹಳೆಯದರ ಪಕ್ಕದಲ್ಲಿಯೇ ಅದೇ ದಾರಿಯಲ್ಲಿ ಸಾಗಿಸಿ, ತುದಿಗಳಿಗೆ ಪ್ಲಾಸ್ಟಿಕ್ ಸುತ್ತಿ ಟೇಪಿನಿಂದ ಕಟ್ಟಿಡುವುದುಂಟು. ಹರಿದಾಗ ಎರಡು ತುದಿಗಳನ್ನು ಸಿಕ್ಕಿಸಿದರೆ ಸಾಕು. ರಜೆಗೆ ಊರಿಗೆ ಹೊರಡುವ ಯೆಜ್ಡಿ ಒಡೆಯರು ಟ್ಯಾಂಕು ತುಂಬಿಸುವ ಮುನ್ನ ಗಾಡಿಯನ್ನು ಗೇರಿಗೆ ಹಾಕಿ, ಲಿವರ್ ಒತ್ತಿ, ಅಂಗಳದಲ್ಲಿ ನಾಲ್ಕು ಹೆಜ್ಜೆ ತಳ್ಳಿ ನೋಡಲಿ. ಚಕ್ರ ತಿರುಗಿದರೆ ಪ್ಲೇಟುಗಳು ಬಿಟ್ಟುಕೊಂಡಿವೆ. ಆಮೇಲೆ ರಬ್ಬರ್ ಟೋಪಿಯನ್ನು ಸರಿಸಿ ನಿಪ್ಪಲ್ಲಿನ ಬುಡವನ್ನು ಬೆಳಕಿಗೆ ಹಿಡಿಯಲಿ.